ಗಾಬರಿಗೊಂದು ಬ್ರೇಕ್

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡರು. ಆಮೇಲಿನ ದಿನಗಳಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ತಪಾಸಣೆಗೆಂದು ಬಂದವರ ಸಂಖ್ಯೆ ಏಕಾಏಕಿ ಏರಿತು. 46 ವರ್ಷ, ದಿನವೂ ಕಸರತ್ತು ಮಾಡಿದ ಮೈ. ಅಂಥವರಿಗೇ ಹೀಗಾದರೆ ನಮ್ಮ ಪಾಡೇನು ಎಂಬ ಅಂಜಿಕೆ ಮನೆಮನೆ ಹೊಕ್ಕಿತ್ತು. 2025ರ ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಟಿ.ವಿ.ಯಲ್ಲಿ ಒಂದರ ಹಿಂದೊಂದು ಬರತೊಡಗಿದಾಗಲೂ ಅದೇ ಕಥೆ. ಆ ಸಲ ಮೈಸೂರಿನ ಜಯದೇವದ ಮುಂದೆಯೂ ಜನ ಸಾಲುಗಟ್ಟಿದರು.

ಹೀಗೆ ಬಂದವರಲ್ಲಿ ನಿಜವಾದ ಹೃದ್ರೋಗಿಗಳೂ ಇದ್ದಾರು. ಆದರೆ ಇಂಥ ಸಾಲಿನಲ್ಲಿ ಎದೆಬಡಿತ, ಉಸಿರುಗಟ್ಟು, ಕೈಕಾಲು ಜುಮುಗುಡುವಿಕೆ ಹೊತ್ತು ಬಂದು, ಇಸಿಜಿ ಸರಿಯಾಗಿದೆ ಎಂಬ ಚೀಟಿ ಹಿಡಿದು ಹೋಗುವ ಒಂದು ವರ್ಗ ಯಾವಾಗಲೂ ಇರುತ್ತದೆ. ಬಳ್ಳಾರಿಯ ಯಾವ ನರ್ಸಿಂಗ್ ಹೋಮಿನ ಬಾಗಿಲಲ್ಲಿ ಕೂತರೂ ಆ ಮಾತು ಕಿವಿಗೆ ಬೀಳುತ್ತದೆ: "ಏನೂ ಇಲ್ಲಮ್ಮಾ, ಇಸಿಜಿ ನಾರ್ಮಲ್ ಐತಿ. ಟೆನ್ಷನ್ ಮಾಡ್ಕೋಬ್ಯಾಡ್ರಿ." ಮೊದಲ ವಾಕ್ಯಕ್ಕೇ ನನ್ನ ತಕರಾರು. ಹೃದಯದಲ್ಲಿ ಏನೂ ಇಲ್ಲ, ಸರಿ. ಆದರೆ ಹತ್ತು ನಿಮಿಷದೊಳಗೆ ಸಾವು ಕಣ್ಣ ಮುಂದೆ ಬಂದು ನಿಂತಂತೆ ಅನಿಸಿದ್ದು ಸುಳ್ಳಲ್ಲವಲ್ಲ. ಅದಕ್ಕೆ ತಲೆಯೊಳಗೆ ಒಂದು ಜಾಗ ಇದೆ, ಒಂದು ರಸಾಯನ ಇದೆ. ಅದನ್ನು ಹತೋಟಿಯಲ್ಲಿಡುವ ಬ್ರೇಕೂ ಇದೆ. ಆ ಬ್ರೇಕಿನ ಸುಳಿವು ವಿಜ್ಞಾನಕ್ಕೆ ಸಿಕ್ಕಿದ್ದು ಮಾತ್ರ ನಮ್ಮ ಜಾತ್ರೆ, ಮಠ, ಪೊಲೀಸ್ ಠಾಣೆ ಮೂರೂ ಕಡೆ ಪರಿಚಿತವಾದ ಒಂದು ಗಿಡದಿಂದ.

ಗಾಂಜಾ ನಮಗೆ ಹೊಸತಲ್ಲ. ಸಂಕಟದಿಂದ ಬಿಡಿಸುವ ಐದು ಸಸ್ಯವರ್ಗಗಳ ಸಾಲಿನಲ್ಲಿ ಅಥರ್ವವೇದ ಭಂಗಿಯನ್ನೂ ಹೆಸರಿಸುತ್ತದೆ. ಉತ್ತರ ಕರ್ನಾಟಕದ ಅವಧೂತ, ಆರೂಢ ಪಂಥಗಳಲ್ಲಿ ಚಿಲುಮೆ ಸೇದುವುದು ಸಾಧನೆಯ ಭಾಗವಾಗಿತ್ತು. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಅದು ಪ್ರಸಾದವಾಗಿ ಹಂಚಿಕೆಯಾಗುತ್ತಿದ್ದುದನ್ನು ಪತ್ರಿಕೆಗಳು ಬರೆದಿವೆ. ಇನ್ನೊಂದು ಕಡೆ ಹತ್ತಿ, ತೊಗರಿ, ಮೆಣಸಿನಕಾಯಿ ಸಾಲುಗಳ ನಡುವೆ ಗಾಂಜಾ ಬೆಳೆದು ಸಿಕ್ಕಿಬಿದ್ದವರ ಸುದ್ದಿ ಜಿಲ್ಲಾ ಪುಟದಲ್ಲಿ ಆಗಾಗ ಬರುತ್ತದೆ. ಮಾದಕವಸ್ತು ನಿಯಂತ್ರಣ ಕಾಯ್ದೆ ಜಾರಿಗೆ ಬಂದದ್ದು 1985ರ ನವೆಂಬರ್ 14ರಂದು. ಅದೇ ವರ್ಷ ಬಳ್ಳಾರಿಯಲ್ಲಿ ಇನ್ನೊಂದು ಕೆಲಸವೂ ಶುರುವಾಗಿತ್ತು. ಅದಕ್ಕೆ ಮುಂದೆ ಬರುತ್ತೇನೆ.

ಆ ಗಿಡದೊಳಗಿನ ಅಮಲಿನ ಅಂಶವನ್ನು ಬೇರ್ಪಡಿಸಿ ಅದರ ರಚನೆಯನ್ನು ತಿಳಿಸಿದವರು ಇಸ್ರೇಲಿನ ರಫಾಯಲ್ ಮೆಶೂಲಮ್ ಮತ್ತು ಯೆಹಿಯೆಲ್ ಗಾಓನಿ, 1964ರಲ್ಲಿ. ಪೊಲೀಸರು ಜಪ್ತಿ ಮಾಡಿದ್ದ ಐದು ಕಿಲೋ ಹಶೀಶನ್ನು ಕೇಳಿ ಪಡೆದ ಮೆಶೂಲಮ್, ಅದನ್ನು ಚೀಲದಲ್ಲಿ ಹಾಕಿಕೊಂಡು ಸಾರ್ವಜನಿಕ ಬಸ್ಸಿನಲ್ಲೇ ಪ್ರಯೋಗಾಲಯಕ್ಕೆ ತಂದರಂತೆ. ಬಸ್ಸಿನ ತುಂಬ ಘಮ. ಆ ಅಂಶದ ಹೆಸರು ಟಿಎಚ್‌ಸಿ. ಅದು ಮೆದುಳಿನಲ್ಲಿ ಎಲ್ಲಿ ಹೋಗಿ ಕೂರುತ್ತದೆ ಎಂಬುದು ತಿಳಿಯಲು ಇನ್ನೂ ಎರಡು ದಶಕ ಹಿಡಿಯಿತು. 1988ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದಲ್ಲಿ ಆಲಿನ್ ಹೌಲೆಟ್ ಮತ್ತು ವಿಲಿಯಂ ಡಿವೇನ್ ಆ ಗ್ರಾಹಿಯನ್ನು ಪತ್ತೆ ಮಾಡಿದರು. ಈಗ ಅದನ್ನು ಸಿಬಿ1 ಎನ್ನುತ್ತಾರೆ. ನರಕೋಶಗಳ ಮೇಲೆ ಅದು ಎಷ್ಟು ದಟ್ಟವಾಗಿದೆ ಎಂದರೆ, ಮೆದುಳಿನಲ್ಲಿ ಅತಿ ಹೆಚ್ಚಾಗಿ ಕಾಣುವ ಗ್ರಾಹಿಗಳಲ್ಲಿ ಅದೂ ಒಂದು.

ಯಾವುದೋ ಗಿಡದ ಹೊಗೆಗಾಗಿ ಮೆದುಳು ಇಷ್ಟೊಂದು ಗ್ರಾಹಿಗಳನ್ನು ಸಾಕಿಕೊಂಡಿರಲಾರದು. ಮೈಯೊಳಗೇ ಅಂಥ ವಸ್ತು ತಯಾರಾಗುತ್ತಿರಬೇಕು ಎಂದು ಹುಡುಕಿದಾಗ 1992ರಲ್ಲಿ ಹಂದಿಯ ಮೆದುಳಿನಲ್ಲಿ ಅದು ಸಿಕ್ಕಿತು. ಹುಡುಕಿದವರು ಅದೇ ಡಿವೇನ್, ಜೆಕ್ ದೇಶದ ಲುಮೀರ್ ಹಾನುಶ್ ಮತ್ತು ಮೆಶೂಲಮ್. ಸಂಸ್ಕೃತದ ಆನಂದವನ್ನು ಸೇರಿಸಿ ಅದಕ್ಕೆ ಆನಂದಮೈಡ್ ಎಂದು ಹೆಸರಿಟ್ಟರು. 1995ರಲ್ಲಿ ಎರಡನೆಯದೊಂದು ಸಿಕ್ಕಿತು, 2-ಎಜಿ. ಈ ಎರಡು ಕೊಬ್ಬಿನ ಅಣುಗಳು, ಅವು ಕೂರುವ ಗ್ರಾಹಿಗಳು, ಅವುಗಳನ್ನು ತಯಾರಿಸುವ ಮತ್ತು ಒಡೆಯುವ ಕಿಣ್ವಗಳು, ಇಷ್ಟೂ ಸೇರಿದರೆ ಎಂಡೋಕ್ಯಾನಬಿನಾಯ್ಡ್ ವ್ಯವಸ್ಥೆ. ಹೆಸರು ಕೇಳಿ ಹೆದರಬೇಕಿಲ್ಲ. ಚಿಲುಮೆ ಮುಟ್ಟದ ಅಜ್ಜಿಯ ತಲೆಯಲ್ಲೂ ಅದು ಈ ಹೊತ್ತಿನಲ್ಲೇ ಕೆಲಸ ಮಾಡುತ್ತಿದೆ.

ಅದು ಕೆಲಸ ಮಾಡುವ ರೀತಿ ಸ್ವಲ್ಪ ವಿಚಿತ್ರ. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಕಳಿಸುವಾಗ ಸಾಮಾನ್ಯವಾಗಿ ರಾಸಾಯನಿಕ ಹರಿಯುವುದು ಒಂದೇ ದಿಕ್ಕಿಗೆ: ಕಳಿಸುವವನಿಂದ ಪಡೆಯುವವನ ಕಡೆಗೆ. ಈ ಅಣುಗಳು ಮಾತ್ರ ಹಿಂದಕ್ಕೆ ಹರಿಯುತ್ತವೆ. ಸುದ್ದಿ ವಿಪರೀತವಾಗಿ ಬಂದಾಗ, ಪಡೆಯುವ ಕೋಶ ತನ್ನ ಹೊರಪೊರೆಯ ಕೊಬ್ಬನ್ನೇ ಕತ್ತರಿಸಿ ಆ ಕ್ಷಣದಲ್ಲಿ ಈ ಅಣುಗಳನ್ನು ತಯಾರಿಸುತ್ತದೆ. ದಾಸ್ತಾನು ಇಟ್ಟುಕೊಳ್ಳುವ ಪದ್ಧತಿಯೇ ಇಲ್ಲ. ಅಣುಗಳು ಹಿಂದಕ್ಕೆ ಹೋಗಿ ಕಳಿಸುವ ಕೋಶದ ತುದಿಯಲ್ಲಿರುವ ಸಿಬಿ1ಗೆ ತಾಗುತ್ತವೆ. ಅಲ್ಲಿಗೆ ಕ್ಯಾಲ್ಸಿಯಂ ಒಳಬರುವುದು ಕಡಿಮೆಯಾಗಿ, ಸುದ್ದಿಯ ಹರಿವು ತಗ್ಗುತ್ತದೆ. ಕೆಲಸ ಮುಗಿದ ಕೂಡಲೇ ಕಿಣ್ವವೊಂದು ಅಣುವನ್ನು ಒಡೆದು ಹಾಕುತ್ತದೆ. ಆನಂದಮೈಡನ್ನು ಒಡೆಯುವ ಕಿಣ್ವದ ಹೆಸರು ಎಫ್‌ಎಎಎಚ್. ಈ ಹಿಮ್ಮುಖ ಸಂದೇಶದ ಪುರಾವೆ 2001ರಲ್ಲಿ ಜಪಾನ್ ಮತ್ತು ಅಮೆರಿಕದ ಮೂರು ಪ್ರಯೋಗಾಲಯಗಳಿಂದ ಹೆಚ್ಚುಕಡಿಮೆ ಒಟ್ಟಿಗೇ ಬಂತು. ಬ್ರೇಕ್ ಎಂದು ನಾನು ಕರೆದದ್ದು ಇದನ್ನೇ. ಗಾಡಿ ಓಡದೆ ಬ್ರೇಕಿಗೆ ಕೆಲಸವಿಲ್ಲ, ಗಾಡಿ ನಿಂತ ಮೇಲೂ ಹಿಡಿದೇ ಇರುವ ಬ್ರೇಕಿನಿಂದ ಪ್ರಯೋಜನವಿಲ್ಲ.

ಈ ಬ್ರೇಕ್ ಬದುಕಿನಲ್ಲಿ ಹೇಗೆ ಕೆಲಸ ಮಾಡುತ್ತದೆಂದು ನೋಡಲು ಈಗ ಬಳ್ಳಾರಿ ಜಿಲ್ಲೆಯ ಸಿರುಗುಪ್ಪಕ್ಕೆ ಹೋಗೋಣ. ತುಂಗಭದ್ರೆಯ ನೀರು ಉಂಡ ಸೀಮೆ, ಭತ್ತದ ಗದ್ದೆ, ರೈಸ್ ಮಿಲ್ಲುಗಳ ಊರು. ಇಲ್ಲಿ ನೀರು ಕಟ್ಟುವ ಕೆಲಸಕ್ಕೆ ಹಗಲು ರಾತ್ರಿ ಇಲ್ಲ. ಕರೆಂಟು ಕೊಟ್ಟಾಗ ಮೋಟರು, ಕಾಲುವೆಗೆ ಸರದಿ ಬಂದಾಗ ತೂಬು. ಒಬ್ಬ ರೈತನನ್ನು ಊಹಿಸಿಕೊಳ್ಳಿ. ರಾತ್ರಿ ಹನ್ನೊಂದಕ್ಕೆ ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಸಲಿಕೆ ಹಿಡಿದು ಬದುವಿನ ಮೇಲೆ ಹೋಗುತ್ತಿದ್ದಾನೆ. ಕಾಲ ಬುಡದಲ್ಲಿ ಬುಸ್ ಎಂಬ ಸದ್ದು. ಬೆಳಕು ಬಿಟ್ಟರೆ ಕೊಳಕುಮಂಡಲ. ಕಚ್ಚಲಿಲ್ಲ, ಸರಿದು ಹೋಯಿತು. ಮನೆಗೆ ಬಂದು ನೀರು ಕುಡಿದು ಮಲಗಿದ. ಮಾರನೆಯ ರಾತ್ರಿ ಅದೇ ಬದುವಿನ ಮೇಲೆ ಬಿದ್ದ ಪೈಪು ಕಂಡು ಎದೆ ಧಸಕ್ ಎಂದಿತು. ಹಾವು ಕಡಿದವನು ಹಗ್ಗ ಕಂಡರೂ ಹೆದರುತ್ತಾನೆ ಎಂಬ ಗಾದೆಯಲ್ಲಿ ಇರುವುದು ಇದೇ ವಿದ್ಯಮಾನ. ಕಿವಿಯ ಒಳಭಾಗದ ನೇರಕ್ಕೆ ಮೆದುಳಿನ ಆಳದಲ್ಲಿ ಬಾದಾಮಿಯಷ್ಟು ಗಾತ್ರದ ಅಮಿಗ್ಡಾಲ ಎಂಬ ಭಾಗವಿದೆ. ಒಂದು ಸಲದ ಆಪತ್ತಿನಿಂದಲೇ ಅದು ಕತ್ತಲು, ಬದು, ಉದ್ದನೆಯ ವಸ್ತು ಎಲ್ಲವನ್ನೂ ಒಂದೇ ಗಂಟು ಕಟ್ಟಿಬಿಡುತ್ತದೆ. ಬದುಕಿಗೆ ಅದು ಬೇಕು. ಹೆದರದ ಪೂರ್ವಜರು ಮಕ್ಕಳನ್ನು ಹೆರುವ ತನಕ ಉಳಿದಿರಲಾರರು.

ಸಾಮಾನ್ಯವಾಗಿ ಏನಾಗುತ್ತದೆಂದರೆ, ರೈತ ಬೇರೆ ದಾರಿಯಿಲ್ಲದೆ ಮತ್ತೆ ಹೋಗುತ್ತಾನೆ. ಹಾವಿಲ್ಲ. ಮತ್ತೆ ಹೋಗುತ್ತಾನೆ. ಹಾವಿಲ್ಲ. ಕೆಲವು ವಾರಗಳಲ್ಲಿ ಎದೆಬಡಿತ ತಹಬಂದಿಗೆ ಬರುತ್ತದೆ. ಹಳೆಯ ಭಯ ಅಳಿಸಿಹೋಯಿತೆಂದು ಇದರರ್ಥವಲ್ಲ. ಅದರ ಮೇಲೆ 'ಈ ಬದು ಈಗ ಕ್ಷೇಮ' ಎಂಬ ಹೊಸ ಪಾಠ ಕೂತಿತು, ಅಷ್ಟೆ. 2002ರಲ್ಲಿ ಜರ್ಮನಿಯ ಜೊವಾನಿ ಮಾರ್ಸಿಕಾನೊ, ಬೀಟ್ ಲುಟ್ಸ್ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಈ ಪಾಠದ ರಸಾಯನವನ್ನು ತೋರಿಸಿತು. ಒಂದು ಸದ್ದು ಕೇಳಿದೊಡನೆ ಕಾಲಿಗೆ ಶಾಕ್ ತಗಲುತ್ತದೆಂದು ಇಲಿಗಳಿಗೆ ಕಲಿಸಿದರು. ಮರುದಿನದಿಂದ ಸದ್ದು ಮಾತ್ರ, ಶಾಕ್ ಇಲ್ಲ. ಮಾಮೂಲಿ ಇಲಿಗಳು ಕ್ರಮೇಣ ಹೆದರುವುದನ್ನು ಬಿಟ್ಟವು. ಸಿಬಿ1 ಇಲ್ಲದಂತೆ ಹುಟ್ಟಿಸಿದ ಇಲಿಗಳು ಬಿಡಲಿಲ್ಲ. ಹೆದರುವುದನ್ನು ಅವೂ ಉಳಿದವುಗಳಷ್ಟೇ ಚೆನ್ನಾಗಿ ಕಲಿತಿದ್ದವು; ಬಿಡುವುದು ಮಾತ್ರ ಅವುಗಳ ಕೈಲಾಗಲಿಲ್ಲ. ಸದ್ದು ಕೇಳಿದಾಗ ಮಾಮೂಲಿ ಇಲಿಗಳ ಅಮಿಗ್ಡಾಲದಲ್ಲಿ ಆನಂದಮೈಡ್ ಮತ್ತು 2-ಎಜಿ ಎರಡೂ ಏರಿದ್ದವು.

ನನಗೆ ಇಡೀ ವಿಷಯದಲ್ಲಿ ಮುಖ್ಯವೆನಿಸುವುದು ಇದು. ಈ ಬ್ರೇಕ್ ಹಿಡಿಯಬೇಕಾದರೆ ಸದ್ದು ಕೇಳಲೇಬೇಕು. ರೈತ ಬದುವಿಗೆ ಹೋಗಲೇಬೇಕು. "ಇವತ್ತು ನೀನಾ ಹೋಗಪ್ಪಾ, ನನಗ್ಯಾಕೋ ಮೈ ಸರಿಯಿಲ್ಲ" ಎಂದು ತಮ್ಮನನ್ನು ಕಳಿಸಿದರೆ ಆ ರಾತ್ರಿಯ ಮಟ್ಟಿಗೆ ನಿರಾಳ, ಆದರೆ ಕ್ಷೇಮದ ಪಾಠ ನಡೆಯುವುದೇ ಇಲ್ಲ. ಒಂದು ಕ್ವಾರ್ಟರ್ ಏರಿಸಿಕೊಂಡು ಹೋದರೂ ಅಷ್ಟೆ; ಧೈರ್ಯ ಬಂದದ್ದು ಬಾಟಲಿಯಿಂದ ಎಂದು ಮೆದುಳು ಬರೆದುಕೊಳ್ಳುತ್ತದೆ. ಇನ್ನೊಂದು ತೊಡಕೂ ಇದೆ. ಭಯ ಎಲ್ಲಿ ಬೇಕಾದರೂ ಹರಡಿಕೊಳ್ಳುತ್ತದೆ, ಕ್ಷೇಮದ ಪಾಠ ಮಾತ್ರ ಕಲಿತ ಜಾಗಕ್ಕೆ ಅಂಟಿಕೊಂಡಿರುತ್ತದೆ. ಹಗಲು ಕಲಿತದ್ದು ರಾತ್ರಿ ಕೈಕೊಡಬಹುದು.

ಅದೇ ಜಿಲ್ಲೆಯ ಕುರುಗೋಡಿನ ಉದಾಹರಣೆ ಬೇರೆ ಬಗೆಯದು. ದೊಡ್ಡಬಸವೇಶ್ವರನ ತೇರು ಹೋಳಿ ಹುಣ್ಣಿಮೆಯ ಆಸುಪಾಸಿನಲ್ಲಿ. ಬೆಟ್ಟಗಳ ನಡುವಿನ ಊರು, ಬಿಸಿಲು ಕಾಯತೊಡಗಿದ ಕಾಲ, ಮಿಣಿ ಹಿಡಿಯಲು ಮುಗಿಬೀಳುವ ಜನ. ಆ ನೂಕುನುಗ್ಗಲಿನಲ್ಲಿ ಒಬ್ಬ ಹೆಣ್ಣುಮಗಳಿಗೆ ಇದ್ದಕ್ಕಿದ್ದಂತೆ ಉಸಿರು ಸಿಗದಂತಾಗಿ, ಬೆವರು ಕಿತ್ತು, ಇನ್ನು ನಾನು ಉಳಿಯುವುದಿಲ್ಲ ಎನಿಸಿತು ಎನ್ನಿ. ಹಾವೂ ಇಲ್ಲ, ಕರಡಿಯೂ ಇಲ್ಲ. ಮುಂದಿನ ವರ್ಷ ತೇರಿಗೆ ಬರಲೊಲ್ಲಳು. ಆಮೇಲೆ ಸಂತೆ ಬಿಟ್ಟಳು. ಆಮೇಲೆ ಬಳ್ಳಾರಿ ಬಸ್ಸು. "ಗಾಳಿ ಸೋಕೈತಿ, ಒಂದು ತಾಯ್ತ ಕಟ್ಟಿಸ್ರಿ" ಎನ್ನುತ್ತಾರೆ ಅತ್ತೆ. ತಾಯತವನ್ನು ಗೇಲಿ ಮಾಡುವವನು ನಾನಲ್ಲ. ಯಾರೋ ನನ್ನ ಕಷ್ಟವನ್ನು ಕಷ್ಟ ಎಂದು ಒಪ್ಪಿದರು ಎಂಬ ಸಮಾಧಾನವನ್ನಾದರೂ ಅದು ಕೊಡುತ್ತದೆ. 'ಏನೂ ಇಲ್ಲ' ಎಂಬ ಇಸಿಜಿ ಚೀಟಿ ಅದನ್ನೂ ಕೊಡುವುದಿಲ್ಲ.

ರೈತನದು ಭಯ, ಈಕೆಯದು ಗಾಬರಿ. ಎರಡಕ್ಕೂ ಮೆದುಳಿನ ಒಂದೇ ಭಾಗ ಕಾರಣವಲ್ಲ ಎಂಬುದಕ್ಕೆ ಅಮೆರಿಕದ ಒಬ್ಬ ಮಹಿಳೆಯ ಪ್ರಕರಣ ಸಾಕ್ಷಿ. ಅಪರೂಪದ ಕಾಯಿಲೆಯಿಂದ ಅವರ ಎರಡೂ ಬದಿಯ ಅಮಿಗ್ಡಾಲ ಹಾಳಾಗಿದ್ದವು. ಹಾವು, ಜೇಡ, ಭೂತದ ಸಿನಿಮಾ ಯಾವುದಕ್ಕೂ ಅವರಿಗೆ ಹೆದರಿಕೆ ಇರಲಿಲ್ಲ. ಅಂಥವರಿಗೆ ಶೇಕಡಾ 35ರಷ್ಟು ಇಂಗಾಲದ ಡೈಆಕ್ಸೈಡ್ ಇದ್ದ ಗಾಳಿಯನ್ನು ಒಂದು ಸಲ ಉಸಿರಾಡಲು ಕೊಟ್ಟಾಗ ಮುಖದ ಮಾಸ್ಕ್ ಕಿತ್ತೆಸೆದು ಗಾಬರಿಗೊಂಡರು. 2013ರಲ್ಲಿ ಪ್ರಕಟವಾದ ಫಲಿತಾಂಶ ಇದು. ಹೊರಗಿನ ಆಪತ್ತನ್ನು ಅಮಿಗ್ಡಾಲ ಗುರುತಿಸುತ್ತದೆ; ಉಸಿರುಗಟ್ಟುವಂಥ ಒಳಗಿನ ಆಪತ್ತಿಗೆ ಇನ್ನೂ ಕೆಳಗಿನ, ಮೆದುಳುಕಾಂಡದ ಭಾಗಗಳು ಎಚ್ಚರಾಗುತ್ತವೆ. ಅಂಥದ್ದೊಂದು ಭಾಗ ನಡುಮೆದುಳಿನ ಬೂದು ಪದರ. ಅಲ್ಲಿಗೆ ವಿದ್ಯುತ್ ಪ್ರಚೋದನೆ ಕೊಟ್ಟರೆ ಪ್ರಾಣಿ ದಿಕ್ಕೆಟ್ಟು ಓಡುತ್ತದೆ. ಬ್ರೆಜಿಲಿನ ವಿಜ್ಞಾನಿಗಳು ಇಲಿಗಳ ಇದೇ ಪದರಕ್ಕೆ ಆನಂದಮೈಡ್ ಸೇರಿಸಿದಾಗ ಆ ಓಟ ತಗ್ಗಿತು. ಅಂದರೆ ಭಯ, ಗಾಬರಿ ಎರಡರ ಜಾಗದಲ್ಲೂ ಈ ಬ್ರೇಕ್ ಇದೆ.

ಬ್ರೇಕ್ ಎಲ್ಲರಲ್ಲೂ ಒಂದೇ ಬಿಗಿಯಲ್ಲಿಲ್ಲ. ಎಫ್‌ಎಎಎಚ್ ಕಿಣ್ವದ ಜೀನಿನಲ್ಲಿ ಒಂದು ಸಣ್ಣ ವ್ಯತ್ಯಾಸ ಇರುವವರಲ್ಲಿ ಕಿಣ್ವ ಕಡಿಮೆ, ಆನಂದಮೈಡ್ ಹೆಚ್ಚು; ಕಲಿತ ಭಯವನ್ನು ಅವರು ಬೇಗ ಬಿಡುತ್ತಾರೆ ಎಂದು 2015ರ ಅಧ್ಯಯನ ಹೇಳಿತು. ಎದುರು ದಿಕ್ಕಿನಲ್ಲಿ, ಘೋರ ಆಘಾತದ ನೆನಪಿನಿಂದ ನರಳುವವರನ್ನು ಪರೀಕ್ಷಿಸಿದ 2013ರ ಒಂದು ಅಧ್ಯಯನದಲ್ಲಿ ಅವರ ಆನಂದಮೈಡ್ ಮಟ್ಟ ತಗ್ಗಿದ್ದು ಕಂಡಿತು. ಸ್ಕಾಟ್ಲೆಂಡಿನ ಒಬ್ಬ ಮಹಿಳೆಯ ವಿಷಯವಂತೂ ಕತೆಯಂತಿದೆ. ಈ ಜೀನಿನ ಆಸುಪಾಸಿನ ಬದಲಾವಣೆಯಿಂದ ಅವರ ರಕ್ತದಲ್ಲಿ ಆನಂದಮೈಡ್ ಉಳಿದವರಿಗಿಂತ ಸುಮಾರು ಶೇಕಡಾ 70ರಷ್ಟು ಹೆಚ್ಚಿತ್ತು. ವಯಸ್ಸು ಅರುವತ್ತು ದಾಟುವ ತನಕ ನೋವೆಂದರೆ ಏನೆಂದು ಅವರಿಗೆ ಸರಿಯಾಗಿ ಗೊತ್ತಿರಲಿಲ್ಲ, ಆತಂಕವೂ ಇರಲಿಲ್ಲ. ಕೇಳಲು ಸುಖ. ಆದರೆ ಒಲೆಯ ಮೇಲೆ ಕೈ ಸುಟ್ಟದ್ದು ಅವರಿಗೆ ತಿಳಿಯುತ್ತಿದ್ದುದು ಚರ್ಮ ಸುಟ್ಟ ವಾಸನೆಯಿಂದ.

ಹಾಗಾದರೆ ಈ ವ್ಯವಸ್ಥೆಗೆ ಕೈಹಾಕಿ ಔಷಧ ಮಾಡಬಾರದೇ ಎಂದು ಕಂಪನಿಗಳು ಯೋಚಿಸದೆ ಇರುತ್ತವೆಯೇ? ಕೈಹಾಕಿದವು. ಮೊದಲು ಕೈಹಾಕಿದ್ದು ತಲೆಕೆಳಗಾಗಿ. ಗಾಂಜಾ ಸೇದಿದರೆ ಹಸಿವು ಹೆಚ್ಚುತ್ತದೆ. ಸಿಬಿ1 ಅನ್ನು ಮುಚ್ಚಿದರೆ ಹಸಿವು ತಗ್ಗಿ ಬೊಜ್ಜು ಕರಗೀತು ಎಂಬ ಲೆಕ್ಕಾಚಾರದಲ್ಲಿ ರಿಮೊನಬಾಂಟ್ ಎಂಬ ಮಾತ್ರೆ 2006ರಲ್ಲಿ ಯೂರೋಪಿನ ಮಾರುಕಟ್ಟೆಗೆ ಬಂತು. ತೂಕ ಇಳಿಯಿತು. ಜೊತೆಗೆ ಆತಂಕ, ಖಿನ್ನತೆ, ಆತ್ಮಹತ್ಯೆಯ ಯೋಚನೆಗಳು ಬಂದವು. 2008ರಲ್ಲಿ ಅಲ್ಲಿ ಮಾರಾಟ ನಿಂತಿತು. ಭಾರತದಲ್ಲೂ ಮಾರಾಟವಾಗುತ್ತಿದ್ದ ಆ ಔಷಧವನ್ನು ಸರ್ಕಾರ 2009ರ ಡಿಸೆಂಬರಿನಲ್ಲಿ ನಿಷೇಧಿಸಿತು. ಮನುಷ್ಯನ ನೆಮ್ಮದಿಗೆ ಈ ಬ್ರೇಕ್ ಎಷ್ಟು ಮುಖ್ಯ ಎಂಬುದಕ್ಕೆ ಇದಕ್ಕಿಂತ ದುಬಾರಿ ಪುರಾವೆ ಬೇಕಿರಲಿಲ್ಲ.

ಎರಡನೆಯ ದಾರಿ ಒಡೆಯುವ ಕಿಣ್ವವನ್ನು ತಡೆದು ಆನಂದಮೈಡನ್ನು ಉಳಿಸಿಕೊಳ್ಳುವುದು. 2016ರ ಜನವರಿಯಲ್ಲಿ ಫ್ರಾನ್ಸಿನ ರೆನ್ ನಗರದಲ್ಲಿ ಇಂಥ ಒಂದು ಔಷಧದ ಪ್ರಯೋಗಕ್ಕೆ ಒಳಗಾದ ಸ್ವಯಂಸೇವಕರಲ್ಲಿ ಒಬ್ಬರು ಸತ್ತರು, ಹಲವರು ಆಸ್ಪತ್ರೆ ಸೇರಿದರು. ಆ ಅಣು ಬೇರೆ ಕಿಣ್ವಗಳನ್ನೂ ತಡೆದದ್ದು ಕಾರಣ ಎಂದು ನಂತರ ಕಂಡಿತು. ಇದೇ ಬಗೆಯ ಬೇರೊಂದು ಔಷಧ ಸುರಕ್ಷಿತವಾಗಿಯೇ ಇದೆ, ಆರೋಗ್ಯವಂತರಲ್ಲಿ ಅದು ಕ್ಷೇಮದ ಪಾಠವನ್ನು ಗಟ್ಟಿಗೊಳಿಸಿತು ಎಂದು 2020ರ ಸ್ವೀಡನ್ ಅಧ್ಯಯನ ತೋರಿಸಿದೆ. ಆದರೆ ಗಾಬರಿ ಕಾಯಿಲೆಗೆ ವೈದ್ಯರು ಬರೆದುಕೊಡಬಹುದಾದ ಅಂಥ ಮಾತ್ರೆ ಇನ್ನೂ ಅಂಗಡಿಗೆ ಬಂದಿಲ್ಲ.

ಅಂಗಡಿಗೆ ಬರದಿದ್ದರೇನು, ಚಿಲುಮೆ ಇದೆಯಲ್ಲ ಎನ್ನುವವರಿದ್ದಾರೆ. ಬಳ್ಳಾರಿಯ ಕಾಲೇಜು ಹುಡುಗರೂ ಹೇಳುತ್ತಾರೆ, ಅಂತರ್ಜಾಲದ ಪಂಡಿತರೂ ಹೇಳುತ್ತಾರೆ: ಗಾಂಜಾ ಟೆನ್ಷನ್ ಕಳೆಯುತ್ತದೆ ಎಂದು. ಅರ್ಧ ಮಾತು ನಿಜ, ಆದ್ದರಿಂದಲೇ ಅಪಾಯ. ಟಿಎಚ್‌ಸಿ ಕಡಿಮೆ ಇದ್ದಾಗ ಆತಂಕ ತಗ್ಗಬಹುದು. ಹೆಚ್ಚಾದರೆ ಅದೇ ಟಿಎಚ್‌ಸಿ ಗಾಬರಿ ಎಬ್ಬಿಸುತ್ತದೆ. ಸಿಬಿ1 ಉದ್ರೇಕಿಸುವ ನರಕೋಶಗಳ ಮೇಲೂ ಇದೆ, ಅವುಗಳನ್ನು ತಡೆಯುವ ನರಕೋಶಗಳ ಮೇಲೂ ಇದೆ. ಸ್ವಲ್ಪ ಟಿಎಚ್‌ಸಿ ಉದ್ರೇಕವನ್ನು ತಗ್ಗಿಸುತ್ತದೆ, ಹೆಚ್ಚಾದದ್ದು ತಡೆಯನ್ನೇ ತೆಗೆದುಹಾಕುತ್ತದೆ ಎಂಬುದು ಇಲಿಗಳ ಪ್ರಯೋಗಗಳಿಂದ ದೊರೆತ ವಿವರಣೆ. ಕಡಿಮೆ ಎಲ್ಲಿ ಮುಗಿದು ಹೆಚ್ಚು ಎಲ್ಲಿ ಶುರುವಾಗುತ್ತದೆ ಎಂದು ಸೇದುವವನಿಗೆ ತಿಳಿಯುವುದು ಹೇಗೆ? ಪೊಟ್ಟಣದ ಮೇಲೆ ಬರೆದಿರುವುದಿಲ್ಲ. ಎದೆ ಹೊಡೆದುಕೊಂಡು ಸಾಯುತ್ತೇನೆಂದು ಆಸ್ಪತ್ರೆಗೆ ಓಡಿಬರುವುದು ಗಾಂಜಾದ ಪರಿಚಿತ ಅಡ್ಡಪರಿಣಾಮಗಳಲ್ಲೊಂದು.

ಇನ್ನೂ ಒಂದು ವ್ಯತ್ಯಾಸ ಇದೆ. ಮೈಯ ಸ್ವಂತ ಆನಂದಮೈಡ್ ಬೇಕಾದ ನರಸಂಧಿಯಲ್ಲಿ ಮಾತ್ರ, ಬೇಕಾದ ಕ್ಷಣಕ್ಕೆ ಮಾತ್ರ ಹುಟ್ಟಿ ಸಾಯುತ್ತದೆ. ಹೊಗೆಯಿಂದ ಬಂದ ಟಿಎಚ್‌ಸಿ ಇಡೀ ಮೆದುಳಿನಲ್ಲಿ ಗಂಟೆಗಟ್ಟಲೆ ಕೂರುತ್ತದೆ. ದಿನವೂ ಹೀಗಾದರೆ ಮೆದುಳು ಸಿಬಿ1 ಗ್ರಾಹಿಗಳನ್ನೇ ಕಡಿಮೆ ಮಾಡಿಕೊಳ್ಳುತ್ತದೆ. ದಿನನಿತ್ಯ ಸೇದುವವರ ಮೆದುಳಿನ ಚಿತ್ರಣದಲ್ಲಿ ಇದು ಕಂಡಿದೆ; ಬಿಟ್ಟ ಮೇಲೆ ಸುಮಾರು ನಾಲ್ಕು ವಾರಕ್ಕೆ ಗ್ರಾಹಿಗಳು ಮರಳಿದವು. ಆ ನಾಲ್ಕು ವಾರ ನಿದ್ದೆಗೇಡು, ಸಿಡುಕು, ಆತಂಕ. ಅದನ್ನು ತಾಳಲಾರದೆ ಮತ್ತೆ ಸೇದುತ್ತಾರೆ, ನೋಡಿ, ಸೇದಿದರೇ ಸಮಾಧಾನ ಎನ್ನುತ್ತಾರೆ. ಹರೆಯದವರಲ್ಲಿ ತೀವ್ರ ಮಾನಸಿಕ ಕಾಯಿಲೆಯ ಅಪಾಯ ಹೆಚ್ಚುವುದು ಬೇರೆ. ಅಮಲಿಲ್ಲದ ಸಿಬಿಡಿ ಎಂಬ ಇನ್ನೊಂದು ಅಂಶ ಭಾಷಣದ ಭಯವನ್ನು ತಗ್ಗಿಸಿತೆಂದು ಬ್ರೆಜಿಲಿನ 2011ರ ಸಣ್ಣ ಅಧ್ಯಯನ ಹೇಳಿದ್ದು ನಿಜ. ಅಲ್ಲಿ ಕೊಟ್ಟದ್ದು 600 ಮಿಲಿಗ್ರಾಂ. ಆನ್‌ಲೈನಿನಲ್ಲಿ ಕೊಂಡ ಎಣ್ಣೆಯ ನಾಲ್ಕು ಹನಿಗೆ ಆ ಫಲಿತಾಂಶವನ್ನು ಅಂಟಿಸುವುದು ಮಾರಾಟಗಾರರ ಜಾಣತನ.

ಹೊರಗಿನಿಂದ ಏನನ್ನೂ ಸೇರಿಸದೆ ಈ ಅಣುಗಳನ್ನು ಏರಿಸುವ ಒಂದು ದಾರಿ ಓಟ, ವೇಗದ ನಡಿಗೆ. ಓಡಿದ ಮೇಲೆ ಬರುವ ಹಗುರ ಎಂಡಾರ್ಫಿನ್ ಎಂಬ ಮೈಯದೇ ರಾಸಾಯನಿಕದಿಂದ ಎಂದು ಬಹುಕಾಲ ನಂಬಿದ್ದೆವು. ವ್ಯಾಯಾಮದಿಂದ ರಕ್ತದಲ್ಲಿ ಆನಂದಮೈಡ್ ಏರುವುದು 2003ರಲ್ಲಿ ಕಂಡಿತು. 2015ರಲ್ಲಿ ಜರ್ಮನಿಯ ಪ್ರಯೋಗದಲ್ಲಿ ಎಂಡಾರ್ಫಿನ್‌ನ ದಾರಿ ಮುಚ್ಚಿದರೂ ಓಡಿದ ಇಲಿಗಳ ಆತಂಕ ತಗ್ಗಿತು; ಸಿಬಿ1 ಮುಚ್ಚಿದಾಗ ತಗ್ಗಲಿಲ್ಲ. ಬಳ್ಳಾರಿಯಲ್ಲಿ ಇದಕ್ಕೆ ಕೋಟೆ ಗುಡ್ಡಕ್ಕಿಂತ ಒಳ್ಳೆಯ ಜಾಗ ಇಲ್ಲ, ಬೇಸಿಗೆಯಲ್ಲಾದರೆ ಬಿಸಿಲೇರುವ ಮೊದಲು. ಗಾಬರಿ ಕಾಯಿಲೆಯವರು ಮೆಟ್ಟಿಲು ಕಂಡರೆ ಹಿಂಜರಿಯುತ್ತಾರೆ, ಎದೆಬಡಿತ ಏರುತ್ತದೆಂಬ ಕಾರಣಕ್ಕೇ. ಆದರೆ ಹೃದಯ ಪರೀಕ್ಷೆ ಸರಿ ಇದ್ದವರು ಮೆಟ್ಟಿಲೇರಿ, ಎದೆ ಬಡಿದುಕೊಂಡು, ನಿಂತು ಸುಧಾರಿಸಿಕೊಂಡರೆ 'ಎದೆ ಬಡಿದರೆ ಸಾಯುವುದಿಲ್ಲ' ಎಂಬ ಪಾಠ ಮೈಗೇ ಸಿಗುತ್ತದೆ. ಚಿಕಿತ್ಸಕರು ಬೇಕೆಂದೇ ಮಾಡಿಸುವ ಅಭ್ಯಾಸಗಳಲ್ಲಿ ಇದೂ ಒಂದು.

ಇನ್ನು 1985ರ ಬಳ್ಳಾರಿ. ಆ ವರ್ಷ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್, ಅಲ್ಲಿಂದ ಸುಮಾರು 350 ಕಿಲೋಮೀಟರ್ ದೂರದ ಈ ಜಿಲ್ಲೆಯನ್ನು ಒಂದು ಪ್ರಯೋಗಕ್ಕೆ ಆರಿಸಿತು. ಮನೋವೈದ್ಯರು ಬೆರಳೆಣಿಕೆಯಷ್ಟಿರುವ ದೇಶದಲ್ಲಿ ಎಲ್ಲರನ್ನೂ ಬೆಂಗಳೂರಿಗೆ ಕಳಿಸುವುದು ಆಗದ ಮಾತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ, ಆರೋಗ್ಯ ಕಾರ್ಯಕರ್ತೆಯರಿಗೇ ಮಾನಸಿಕ ಕಾಯಿಲೆ ಗುರುತಿಸಲು ಕಲಿಸಿದರೆ ಹೇಗೆ? ಡಾ. ಮೋಹನ್ ಐಸಾಕ್, ಡಾ. ಆರ್. ಶ್ರೀನಿವಾಸಮೂರ್ತಿ ಮೊದಲಾದವರು ತೊಡಗಿದ್ದ ಈ ಕೆಲಸ 1990ರ ತನಕ ನಡೆಯಿತು. ಆರೋಗ್ಯ ಕೇಂದ್ರಗಳಲ್ಲಿ ಆರು ಔಷಧಗಳ ದಾಸ್ತಾನು, ಜಿಲ್ಲಾ ಕೇಂದ್ರದಲ್ಲಿ ಮನೋವೈದ್ಯರ ಕ್ಲಿನಿಕ್, ತಿಂಗಳಿಗೊಮ್ಮೆ ಪರಿಶೀಲನೆ. ದುಬಾರಿ ಕಟ್ಟಡವಿಲ್ಲದೆ ಇದು ನಡೆಯುತ್ತದೆಂದು ಕಂಡಮೇಲೆ 1996ರಲ್ಲಿ ಕೇಂದ್ರ ಸರ್ಕಾರ ಇದನ್ನೇ ಮಾದರಿಯಾಗಿಟ್ಟು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿತು. ಇವತ್ತು ಅದು 700ಕ್ಕೂ ಹೆಚ್ಚು ಜಿಲ್ಲೆಗಳಲ್ಲಿದೆ. ದೇಶದ ಮನೋವೈದ್ಯರ ಬಾಯಲ್ಲಿ ಈಗಲೂ ಅದರ ಹೆಸರು ಬಳ್ಳಾರಿ ಮಾದರಿ. ಗಣಿ, ಬಿಸಿಲು, ಜೀನ್ಸಿನ ಹೆಸರಿಗೆ ಒಗ್ಗಿಹೋದ ಬಳ್ಳಾರಿಯವರಿಗೇ ಇದು ಗೊತ್ತಿಲ್ಲ ಎಂಬುದು ನನ್ನ ಸಂಕಟ.

ಆ ಆರು ಔಷಧಗಳ ಪೆಟ್ಟಿಗೆಯ ಗುರಿ ತೀವ್ರ ಮಾನಸಿಕ ಕಾಯಿಲೆ, ಖಿನ್ನತೆ ಮತ್ತು ಮೂರ್ಛೆರೋಗ. ಅಂದಿನ ಆದ್ಯತೆ ಸರಿಯಾಗಿಯೇ ಇತ್ತು; ಸರಪಳಿ ಹಾಕಿ ಕೂಡಿಹಾಕಿದವರನ್ನು ಮೊದಲು ಬಿಡಿಸಬೇಕಿತ್ತು. ಗಾಬರಿಯವರು ಸದ್ದು ಮಾಡುವುದಿಲ್ಲ, ತೇರಿಗೆ ಹೋಗುವುದನ್ನು ಬಿಡುತ್ತಾರೆ, ಅಷ್ಟೆ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಬೇರೆಬೇರೆ ಮಾನಸಿಕ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದೆ ಉಳಿದವರ ಪ್ರಮಾಣ ಶೇಕಡಾ 70ರಿಂದ 92. ಕನ್ನಡದಲ್ಲಿ ಓದುವವರಿಗೆ ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕಗಳು ದಶಕಗಳಿಂದ ಈ ಕೊರತೆಯನ್ನು ಸ್ವಲ್ಪ ತುಂಬಿವೆ. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಓದದವರಿಗೆ ಇಸಿಜಿ ಚೀಟಿಯೇ ಗತಿ. ಕೆಲವೊಮ್ಮೆ ಚೀಟಿಯ ಜೊತೆ ಅಲ್ಪ್ರಜೋಲಾಮ್ ಮಾತ್ರೆ. ಅದು ಆ ಹೊತ್ತಿಗೆ ಶಮನ ಕೊಡುತ್ತದೆ, ನಿಜ; ವಾರಗಟ್ಟಲೆ ಮುಂದುವರಿದರೆ ಚಟ ಹತ್ತುತ್ತದೆ, ಕ್ಷೇಮದ ಪಾಠಕ್ಕೂ ಅಡ್ಡಿ.

ಗಾಬರಿ ಕಾಯಿಲೆಗೆ ಒಳ್ಳೆಯ ಚಿಕಿತ್ಸೆ ಇದೆ. ಸೆರ್ಟ್ರಲಿನ್, ಎಸ್ಸಿಟಾಲೊಪ್ರಾಮ್‌ನಂಥ, ಚಟ ಹತ್ತಿಸದ ಮಾತ್ರೆಗಳಿವೆ. ಗುಣ ಕಾಣಲು ಕೆಲವು ವಾರ ಬೇಕು, ಶುರುವಿನ ದಿನಗಳಲ್ಲಿ ತಳಮಳ ತುಸು ಹೆಚ್ಚಿದರೂ ಹೆಚ್ಚಬಹುದು, ವೈದ್ಯರನ್ನು ಕೇಳದೆ ನಡುವೆ ಬಿಡಬಾರದು. ಅದರ ಜೊತೆ, ಅಥವಾ ಅದಿಲ್ಲದೆಯೂ, ಹೆದರುವ ಜಾಗಕ್ಕೆ ಹಂತಹಂತವಾಗಿ ಹೋಗಿ ನಿಲ್ಲುವ ಅಭ್ಯಾಸ. ಕುರುಗೋಡಿನ ಆ ಹೆಣ್ಣುಮಗಳಿಗೆ ಅದು ಮೊದಲು ಖಾಲಿ ಬಸ್‌ಸ್ಟ್ಯಾಂಡು, ಆಮೇಲೆ ಸಂತೆಯ ಅಂಚು, ಆಮೇಲೆ ಬಳ್ಳಾರಿ ಬಸ್ಸಿನಲ್ಲಿ ಎರಡು ನಿಲ್ದಾಣ. ಗಾಬರಿ ಏರಿ ತಾನಾಗಿ ಇಳಿಯುವ ತನಕ ಅಲ್ಲಿಂದ ಓಡಬಾರದು. ಮನೆಯವರ ಪಾಲಿಗೆ ಬರುವ ಕೆಲಸ ಪಕ್ಕದಲ್ಲಿ ಸುಮ್ಮನೆ ನಿಲ್ಲುವುದು. "ಹೆದರಬ್ಯಾಡ" ಎಂದು ನೂರು ಸಲ ಹೇಳುವುದರಿಂದ ಉಪಕಾರವಿಲ್ಲ.

ಎದೆನೋವು ಮೊದಲ ಸಲ ಬಂದಿದ್ದರೆ, ನಡೆದಾಗ ಹೆಚ್ಚುತ್ತಿದ್ದರೆ, ಎಡಗೈಗೋ ದವಡೆಗೋ ಹರಡಿದರೆ ಗಾಬರಿ ಎಂದು ನೀವೇ ತೀರ್ಮಾನಿಸಬೇಡಿ. ಮೊದಲು ಆಸ್ಪತ್ರೆ, ಮೊದಲು ಇಸಿಜಿ. ಅದು ಸರಿಯಾಗಿದ್ದೂ ಮತ್ತೆ ಮತ್ತೆ ಹೀಗಾಗುತ್ತಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಹೋಗಿ, ಇಲ್ಲವೇ ಜನ ಇನ್ನೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ವೈದ್ಯಕೀಯ ಕಾಲೇಜಿನ ಮನೋವೈದ್ಯ ವಿಭಾಗಕ್ಕೆ. ಸಿರುಗುಪ್ಪ, ಕುರುಗೋಡಿನವರು ಸರ್ಕಾರಿ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ಯಾವ ದಿನ ಬರುತ್ತಾರೆಂದು ಕೇಳಿ. ಅಷ್ಟು ದೂರ ಹೋಗುವುದೇ ಆಗದಿದ್ದರೆ ಫೋನ್ ಇದೆ. 2022ರ ಅಕ್ಟೋಬರ್ 10ರಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು.